ನಡಾವಳಿ ಪುಸ್ತಕದಲ್ಲಿ ನಮ್ಮ ಬೀದಿ ಎಲ್ಲಿದೆ?

"ನಮ್ಮ ಬೀದಿಗೆ ಚರಂಡಿ ಯಾವಾಗ ಬರುತ್ತದೆ?"

ಹಳೇಬೀಡಿನಿಂದ ಅರಸೀಕೆರೆಯವರೆಗೆ ನಮ್ಮ ಮೊಹಲ್ಲಾಗಳಲ್ಲಿ ಈ ಪ್ರಶ್ನೆ ಕೇಳಿಬರದ ದಿನವಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಇದನ್ನು ಕೇಳುತ್ತೇವೆ. ಜುಮಾ ನಮಾಝ್ ಮುಗಿಸಿ ಚಪ್ಪಲಿ ಮೆಟ್ಟುವಾಗ ಕೇಳುತ್ತೇವೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕುಳಿತು ಕೇಳುತ್ತೇವೆ. ಮಳೆಗಾಲದಲ್ಲಿ ಕೊಳಚೆ ನೀರು ಹೊಸ್ತಿಲು ದಾಟಿದಾಗ ನಮ್ಮ ತಾಯಂದಿರು ಪೊರಕೆ ಹಿಡಿದುಕೊಂಡೇ ಕೇಳುತ್ತಾರೆ. ಆದರೆ ಯಾವ ಸಭೆಯಲ್ಲಿ ಈ ಪ್ರಶ್ನೆಗೆ ಉತ್ತರ ಬರೆಯಲಾಗುತ್ತದೆಯೋ, ಆ ಒಂದು ಕಡೆ ಮಾತ್ರ ನಾವು ಅದನ್ನು ಕೇಳುವುದಿಲ್ಲ. ಅಲ್ಲಿ ನಮ್ಮ ಕುರ್ಚಿ ಖಾಲಿಯಾಗಿರುತ್ತದೆ.

ಸ್ಥಳೀಯ ಸಂಸ್ಥೆಗಳ ಹಣ ಹೇಗೆ ಖರ್ಚಾಗುತ್ತದೆ ಎಂಬ ಬಗ್ಗೆ ನಮ್ಮ ಜನರಲ್ಲಿ ಒಂದು ಗಟ್ಟಿ ನಂಬಿಕೆಯಿದೆ. ಅಧ್ಯಕ್ಷರು ಮನಸ್ಸು ಮಾಡಿದರೆ ರಸ್ತೆ ಬರುತ್ತದೆ, ಮನಸ್ಸು ಮಾಡದಿದ್ದರೆ ಬರುವುದಿಲ್ಲ ಎಂಬುದೇ ಆ ನಂಬಿಕೆ. ಆದ್ದರಿಂದಲೇ ನಾವು ಸದಸ್ಯರ ಮನೆಗೆ ಹೋಗುತ್ತೇವೆ, ಸದಸ್ಯರಿಗೆ ಬೇಕಾದವರ ಮನೆಗೂ ಹೋಗುತ್ತೇವೆ. ಚುನಾವಣೆ ಹತ್ತಿರ ಬಂದಾಗ ಮನವಿ ಪತ್ರ ಬರೆದು ಹಾರ ಹಾಕಿ ಕೊಡುತ್ತೇವೆ. ಕಾಮಗಾರಿ ನಡೆದರೆ ಉಪಕಾರವಾಯಿತೆಂದು ಕೈಮುಗಿಯುತ್ತೇವೆ, ನಡೆಯದಿದ್ದರೆ ನಮ್ಮವರೆಂದು ಹೀಗೆ ಮಾಡಿದರೆಂದು ನೊಂದುಕೊಳ್ಳುತ್ತೇವೆ. ಈ ಎರಡೂ ಸಂದರ್ಭಗಳಲ್ಲಿ ನಾವು ಬೇಡುವವರಾಗಿಯೇ ಉಳಿಯುತ್ತೇವೆ. ಕಾನೂನು ನಮಗೆ ಕೊಟ್ಟಿರುವ ಸ್ಥಾನವಾದರೋ ಇದಲ್ಲ, ಅದು ನಮ್ಮನ್ನು ತೀರ್ಮಾನಿಸುವವರ ಸಾಲಿನಲ್ಲಿ ಕೂರಿಸಿದೆ.

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದೇ ವರ್ಷ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವೂ ಬಂತು. ಈ ಕಾನೂನಿನ ಪ್ರಕಾರ ಗ್ರಾಮ ಪಂಚಾಯಿತಿಯ ಯೋಜನೆ ಅಧ್ಯಕ್ಷರ ಕೊಠಡಿಯಲ್ಲಿ ಹುಟ್ಟತಕ್ಕದ್ದಲ್ಲ, ವಾರ್ಡ್ ಸಭೆಯಲ್ಲಿ ಹುಟ್ಟತಕ್ಕದ್ದು. ಆ ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ವಾರ್ಡ್ ಸಭೆಯ ಸದಸ್ಯರೇ. ಯಾವ ಬೀದಿಗೆ ದೀಪ ಬೇಕು, ಎಲ್ಲಿ ಚರಂಡಿ ಬೇಕು, ಯಾರಿಗೆ ಮನೆ ಬೇಕು ಎಂಬ ಪಟ್ಟಿಯನ್ನು ಅಲ್ಲಿ ಸಿದ್ಧಪಡಿಸಬೇಕು. ಆ ಪಟ್ಟಿ ಗ್ರಾಮಸಭೆಗೆ ಬಂದು, ಆದ್ಯತೆ ನಿಗದಿಯಾಗಿ, ಬಳಿಕ ಚುನಾಯಿತ ಸದಸ್ಯರ ಸಾಮಾನ್ಯ ಸಭೆಯ ಮುಂದೆ ಹೋಗಬೇಕು. ಅಲ್ಲಿ ನಿರ್ಣಯವಾಗಿ ನಡಾವಳಿ ಪುಸ್ತಕದಲ್ಲಿ ದಾಖಲಾದ ಮೇಲೆ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರು, ಕೆಲಸ, ಅಳತೆ ಪುಸ್ತಕ, ಬಿಲ್ಲು ಎಂಬ ಮೆಟ್ಟಿಲುಗಳು ಒಂದರ ಹಿಂದೊಂದು ಬರುತ್ತವೆ. ಕೊನೆಗೆ ಅಧ್ಯಕ್ಷರು ಮತ್ತು ಅಭಿವೃದ್ಧಿ ಅಧಿಕಾರಿ ಇಬ್ಬರ ಸಹಿಯಿಂದ ಹಣ ಪಾವತಿಯಾಗುತ್ತದೆ.

ಈ ಮೆಟ್ಟಿಲುಗಳಲ್ಲಿ ಮೊದಲನೆಯದು ನಮ್ಮದು. ಅದನ್ನು ಹತ್ತದವನು ಕೊನೆಯ ಮೆಟ್ಟಿಲ ಬಳಿ ನಿಂತು ಕೂಗಿದರೆ ಪ್ರಯೋಜನವೇನು? ನಡಾವಳಿ ಪುಸ್ತಕದಲ್ಲಿ ಹೆಸರೇ ಇಲ್ಲದ ಬೀದಿಗೆ, ಅಧ್ಯಕ್ಷರು ಎಷ್ಟೇ ಒಳ್ಳೆಯವರಾಗಿದ್ದರೂ, ಕ್ರಮಬದ್ಧವಾಗಿ ಒಂದು ರೂಪಾಯಿ ಕೊಡಲಾರರು. ಹೆಸರು ದಾಖಲಾಗಿರುವ ಬೀದಿಯ ಪಾಲನ್ನು ಅವರು ಎಷ್ಟೇ ಕೆಟ್ಟವರಾಗಿದ್ದರೂ ಸದ್ದಿಲ್ಲದೆ ಅಳಿಸಲಾರರು.

ಮತ್ತೊಂದು ಸಂಗತಿಯನ್ನು ಗಮನಿಸಬೇಕು. 15ನೇ ಹಣಕಾಸು ಆಯೋಗವು 2021–22ರಿಂದ 2025–26ರವರೆಗಿನ ಅವಧಿಗೆ ಪಂಚಾಯಿತಿಗಳಿಗೆ ನೀಡಿದ ಅನುದಾನದಲ್ಲಿ ಶೇಕಡ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿತ್ತು. ಉಳಿದ ಶೇಕಡ 40ನ್ನು ಮಾತ್ರ ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಬಹುದಾಗಿತ್ತು. ಅಂದರೆ ನಾವು ನೀರಿಗಾಗಿ, ಶುಚಿತ್ವಕ್ಕಾಗಿ ಕಂಡಕಂಡವರ ಕೈಕಾಲು ಹಿಡಿಯುತ್ತಿದ್ದ ಆ ವರ್ಷಗಳಲ್ಲೇ ಅದೇ ಉದ್ದೇಶಕ್ಕೆ ಮೀಸಲಾದ ಹಣ ನಮ್ಮದೇ ಪಂಚಾಯಿತಿಯ ಲೆಕ್ಕಕ್ಕೆ ಬರುತ್ತಿತ್ತು. ಅದು ಯಾವ ಬೀದಿಗೆ ಹೋಯಿತು? ಯಾವ ಸಭೆಯಲ್ಲಿ ನಿಶ್ಚಯವಾಯಿತು? ನಮ್ಮಲ್ಲಿ ಎಷ್ಟು ಮಂದಿ ಇದನ್ನು ಕೇಳಿದ್ದೇವೆ?

ಕೇಳುವುದಕ್ಕೂ ಒಂದು ಕಾಲವಿದೆ. 2018ರ ಅಕ್ಟೋಬರ್ 2ರಂದು ದೇಶದಾದ್ಯಂತ ಜನ ಯೋಜನೆ ಅಭಿಯಾನ ಆರಂಭವಾಯಿತು. ಮುಂದಿನ ವರ್ಷದ ಯೋಜನೆಯನ್ನು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಗ್ರಾಮಸಭೆಯ ಮೂಲಕ ರೂಪಿಸಬೇಕೆಂಬುದು ಅದರ ಕ್ರಮ. ಏಪ್ರಿಲ್‌ನಲ್ಲಿ ಹೊಸ ಆರ್ಥಿಕ ವರ್ಷ ಆರಂಭವಾಗುವ ಮುನ್ನ ಬಜೆಟ್ ಸಿದ್ಧವಾಗಿರಬೇಕು. ನಾವಾದರೋ ಜೂನ್ ತಿಂಗಳ ಮಳೆಯಲ್ಲಿ ಮನೆಗೆ ನೀರು ನುಗ್ಗಿದ ಮೇಲೆ ಪಂಚಾಯಿತಿ ಕಚೇರಿಗೆ ಓಡುತ್ತೇವೆ. ಆ ಹೊತ್ತಿಗೆ ಹಣ ಹಂಚಿಹೋಗಿರುತ್ತದೆ. ಬಿತ್ತನೆಯ ಕಾಲದಲ್ಲಿ ಮಲಗಿದ್ದವನು ಕೊಯ್ಲಿನ ಕಾಲದಲ್ಲಿ ಕುಡುಗೋಲು ಹಿಡಿದು ಬಂದಂತೆ ನಮ್ಮ ಸ್ಥಿತಿ.

ಕರ್ನಾಟಕದಲ್ಲಿ ಈ ವ್ಯವಸ್ಥೆಗೆ ಅಡಿಪಾಯ ಹಾಕಿದವರು ಯಾರೆಂಬುದನ್ನು ನಮ್ಮ ಯುವಕರು ತಿಳಿದಿರಬೇಕು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಝೀರ್ ಸಾಬ್ ಅವರು. ಗುಂಡ್ಲುಪೇಟೆಯ ಈ ಸರಳ ವ್ಯಕ್ತಿಯನ್ನು ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಟ್ಟದ್ದಕ್ಕಾಗಿ ಜನ 'ನೀರ್ ಸಾಬ್' ಎಂದು ಕರೆದರು. ಆದರೆ ಅವರ ಅದಕ್ಕಿಂತ ದೊಡ್ಡ ಕೊಡುಗೆ 1983ರ ಪಂಚಾಯತ್ ಕಾನೂನು. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ನಿಜವಾದ ಅಧಿಕಾರ ಕೊಟ್ಟ, ಮಹಿಳೆಯರಿಗೆ ಶೇಕಡ 25 ಸ್ಥಾನ ಮೀಸಲಿಟ್ಟ ಆ ಕಾನೂನಿನಂತೆ 1987ರಲ್ಲಿ ಚುನಾವಣೆ ನಡೆಯಿತು. ದೇಶದ 73ನೇ ತಿದ್ದುಪಡಿಗೆ ಇನ್ನೂ ಐದಾರು ವರ್ಷಗಳಿದ್ದವು. 1988ರಲ್ಲಿ ಅವರು ತೀರಿಕೊಂಡರು. ಇಂದು ಮೈಸೂರಿನಲ್ಲಿ ಪಂಚಾಯಿತಿ ಪ್ರತಿನಿಧಿಗಳಿಗೆ ತರಬೇತಿ ನೀಡುವ ರಾಜ್ಯ ಸಂಸ್ಥೆಗೆ ಅವರದೇ ಹೆಸರಿದೆ. ನಝೀರ್ ಸಾಬರು ಕೊಳವೆಬಾವಿಗಳನ್ನು ಒಂದು ಸಮುದಾಯದ ಬೀದಿಗಳಲ್ಲಿ ಕೊರೆಸಲಿಲ್ಲ, ನೀರಿಲ್ಲದ ಎಲ್ಲ ಊರುಗಳಲ್ಲಿ ಕೊರೆಸಿದರು. ಜನರಿಗೆ ನೀರು ಕೊಟ್ಟಷ್ಟಕ್ಕೇ ನಿಲ್ಲದೆ, ನೀರಿನ ಬಗ್ಗೆ ತಾವೇ ತೀರ್ಮಾನಿಸುವ ಅಧಿಕಾರವನ್ನೂ ಕೊಟ್ಟರು. ಆ ಅಧಿಕಾರವನ್ನು ನಾವು ಬಳಸದೆ ಬಿಟ್ಟರೆ ವರ್ಷಕ್ಕೊಮ್ಮೆ ಅವರ ಹೆಸರು ಹೇಳಿ ಹೆಮ್ಮೆಪಡುವುದಕ್ಕೆ ಏನರ್ಥ?

ಬರೆದಿಡುವುದರ ಬೆಲೆ ಹಳೇಬೀಡಿನವರಿಗೆ ಹೊಸದೇನಲ್ಲ. ಹೊಯ್ಸಳರ ರಾಜಧಾನಿಯಾಗಿದ್ದ ಈ ಊರಿನ ಸುತ್ತಮುತ್ತ ದಾನದ ವಿವರಗಳನ್ನು ಕಲ್ಲಿನಲ್ಲಿ ಕೆತ್ತಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸುವ ಪದ್ಧತಿಯಿತ್ತು. ಹೊಯ್ಸಳೇಶ್ವರ ದೇವಾಲಯವನ್ನು ಕೇತಮಲ್ಲ ಕಟ್ಟಿಸಿದ್ದು, ಅದಕ್ಕೆ ವಿಷ್ಣುವರ್ಧನ ಭೂಮಿ ಬಿಟ್ಟದ್ದು ನಮಗೆ ತಿಳಿದಿರುವುದು 1121ರ ಘಟ್ಟದಹಳ್ಳಿ ಶಾಸನದಿಂದ. ಒಂಬೈನೂರು ವರ್ಷಗಳ ಹಿಂದಿನ ಆ ಲೆಕ್ಕ ಇಂದಿಗೂ ಓದಲು ಸಿಗುತ್ತದೆ, ಹೋದ ವರ್ಷ ನಮ್ಮ ಬೀದಿಯ ಹೆಸರಿನಲ್ಲಿ ಬರೆದ ಬಿಲ್ಲನ್ನು ನಮ್ಮಲ್ಲಿ ಓದಿದವರಿಲ್ಲ.

ಪಕ್ಕದ ಬೇಲೂರಿನ ಉದಾಹರಣೆಯೂ ಇದೆ. ಚನ್ನಕೇಶವ ಸ್ವಾಮಿಯ ರಥೋತ್ಸವದ ಸಂದರ್ಭದಲ್ಲಿ ಕುರ್‌ಆನ್ ಪಠಿಸುವ ಹಳೆಯ ಪದ್ಧತಿಯ ಬಗ್ಗೆ 2022ರಲ್ಲಿ ಆಕ್ಷೇಪ ಎದ್ದಿತು. ಆಗ ಪದ್ಧತಿಯ ಪರವಾಗಿ ನಿಂತದ್ದು ಯಾರ ಭಾಷಣವೂ ಅಲ್ಲ, ದೇವಾಲಯದ ಆಚರಣೆಗಳನ್ನು ಬರೆದಿಟ್ಟಿದ್ದ 1932ರ ಕೈಪಿಡಿ. ಅದರ ಉಲ್ಲೇಖವನ್ನು ಆಧರಿಸಿಯೇ ಆ ವರ್ಷ ಅನುಮತಿ ದೊರೆಯಿತು. ಬರಹದಲ್ಲಿರುವ ಹಕ್ಕಿನ ಮೇಲೂ ಆಕ್ಷೇಪ ಬರಬಹುದು, ಆದರೆ ಅದಕ್ಕೆ ಉತ್ತರ ಕೊಡಲು ಒಂದು ಕಾಗದವಾದರೂ ಇರುತ್ತದೆ. ಬಾಯಿಮಾತಿನ ಆಶ್ವಾಸನೆಗೆ ಅಂಥ ಬಲವೆಲ್ಲಿಯದು?

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇದು ನಾಡಿನ ಎಲ್ಲರೂ ಸಂತೋಷಪಡಬೇಕಾದ ಸಂಗತಿ. ಸ್ಮಾರಕವನ್ನು ನೋಡಿಕೊಳ್ಳುವ ಹೊಣೆ ಕೇಂದ್ರದ ಪುರಾತತ್ವ ಇಲಾಖೆಯದು. ಆದರೆ ಬರುವ ಪ್ರವಾಸಿಗರ ನೀರು, ಕಸ, ಶೌಚಾಲಯ, ಬೀದಿದೀಪಗಳ ಹೊರೆ ಬಹುಮಟ್ಟಿಗೆ ಬೀಳುವುದು ಸ್ಥಳೀಯ ಆಡಳಿತದ ಹೆಗಲಿಗೆ. ಜೊತೆಗೆ 2010ರ ತಿದ್ದುಪಡಿ ಕಾನೂನಿನಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಮನೆಯ ದುರಸ್ತಿಗೂ ಅನುಮತಿಗಾಗಿ ಅಲೆಯಬೇಕಾದ ಕುಟುಂಬಗಳಲ್ಲಿ ಎಲ್ಲ ಜಾತಿ ಧರ್ಮದವರೂ ಇರುತ್ತಾರೆ. ಪ್ರವಾಸೋದ್ಯಮದ ಹೆಸರಿನಲ್ಲಿ ಮುಖ್ಯರಸ್ತೆಗೆ ಅಲಂಕಾರದ ದೀಪ ಮೊದಲೋ, ಹಿಂದಿನ ಬೀದಿಗೆ ಚರಂಡಿ ಮೊದಲೋ ಎಂಬ ಪ್ರಶ್ನೆ ಇಂಥ ಊರಿನಲ್ಲಿ ಪ್ರತಿ ವರ್ಷವೂ ಬರುತ್ತದೆ. ಸಭೆಯಲ್ಲಿ ಹಿಂದಿನ ಬೀದಿಯವರು ಇಲ್ಲದಿದ್ದರೆ ಉತ್ತರ ಏನಾಗುತ್ತದೆಂದು ಊಹಿಸಲು ಪಾಂಡಿತ್ಯ ಬೇಕಿಲ್ಲ.

"ನಾವು ಹೋದರೂ ಯಾರು ಕೇಳುತ್ತಾರೆ? ಗ್ರಾಮಸಭೆ ನಡೆಯುವುದೇ ಕಾಗದದಲ್ಲಿ" ಎನ್ನುವವರಿದ್ದಾರೆ. ಈ ಮಾತನ್ನು ಸುಳ್ಳೆಂದು ತಳ್ಳಿಹಾಕಲಾಗದು. ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಂಡು ಸಭೆ ಮುಗಿಸಿದ ಪ್ರಸಂಗಗಳನ್ನು ಎಲ್ಲರೂ ಕೇಳಿದ್ದೇವೆ. ಆದರೆ ಆ ಪುಸ್ತಕಕ್ಕೆ ಸಹಿ ಹಾಕಿದ ಕೈಗಳು ಯಾರವು? ಓದದೆ ಸಹಿ ಹಾಕಿ ಕಳಿಸಿದ ದಿನ ನಾವೇ ನಮ್ಮ ಹಕ್ಕನ್ನು ಬರೆದುಕೊಟ್ಟಂತಾಗಲಿಲ್ಲವೇ? ಗ್ರಾಮಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ವಾರ್ಡ್ ಸಭೆಗೆ ಹತ್ತನೇ ಒಂದು ಭಾಗ ಅಥವಾ 20 ಜನ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಹಾಜರಾತಿ ಇರಬೇಕೆಂದು ಕಾನೂನು ಹೇಳುತ್ತದೆ. ಇಪ್ಪತ್ತು ಜನರೆಂದರೆ ನಮ್ಮ ಒಂದು ಗಲ್ಲಿಯ ಹತ್ತು ಮನೆಗಳವರು. ಕೋರಂ ಇಲ್ಲದ ಸಭೆಯನ್ನು ನಡೆದಂತೆ ಬರೆಯುವುದು ಸುಲಭವಾಗಿರುವುದು ನಾವು ಬರುವುದಿಲ್ಲವೆಂಬ ಖಾತ್ರಿ ಅವರಿಗಿರುವುದರಿಂದ.

ಹೋದರೂ ಬಾಯಿಮಾತಿನಲ್ಲಿ ಹೇಳಿ ಬರುವುದು ಸಾಲದು. ಬೇಡಿಕೆಯನ್ನು ಬರೆದು ಎರಡು ಪ್ರತಿ ಮಾಡಿ, ಒಂದಕ್ಕೆ ಮುದ್ರೆ ಮತ್ತು ಸ್ವೀಕೃತಿಯ ಸಹಿ ಪಡೆಯಬೇಕು. ನಡಾವಳಿಯಲ್ಲಿ ಅದು ಸೇರಿದೆಯೇ ಎಂದು ಓದಿಸಿ ಕೇಳಬೇಕು. ಸೇರದಿದ್ದರೆ 2005ರ ಮಾಹಿತಿ ಹಕ್ಕು ಕಾನೂನಿನಂತೆ ಹತ್ತು ರೂಪಾಯಿ ಶುಲ್ಕದಲ್ಲಿ ನಡಾವಳಿಯ ನಕಲು ಕೇಳಿ ಅರ್ಜಿ ಹಾಕಬಹುದು, ನಕಲಿನ ಖರ್ಚು ಬೇರೆ. 30 ದಿನಗಳೊಳಗೆ ಉತ್ತರ ಕೊಡಬೇಕು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯಿತಿಗಳಲ್ಲಿ ಜಮಾಬಂದಿ ನಡೆಯಬೇಕೆಂಬ ನಿಯಮವಿದೆ. ಅಂದು ಲೆಕ್ಕದ ಪುಸ್ತಕಗಳನ್ನೂ ಕಾಮಗಾರಿಗಳನ್ನೂ ಸಾರ್ವಜನಿಕರ ಸಮ್ಮುಖದಲ್ಲಿ ಪರಿಶೀಲಿಸಬೇಕು. ಬರೆದಷ್ಟು ಉದ್ದದ ಚರಂಡಿ ಬೀದಿಯಲ್ಲಿ ಇದೆಯೇ ಎಂದು ಅಳೆದು ನೋಡಲು ಇದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ. ಆ ದಿನ ನಮ್ಮ ಊರುಗಳ ಓದಿದ ಯುವಕರು ಎಲ್ಲಿರುತ್ತಾರೆ?

ಪುರಸಭೆ ಇರುವ ಬೇಲೂರು, ನಗರಸಭೆ ಇರುವ ಅರಸೀಕೆರೆಯಂಥ ಪಟ್ಟಣಗಳ ಓದುಗರಿಗೆ ಒಂದು ಎಚ್ಚರಿಕೆಯ ಮಾತು. ಪಟ್ಟಣಗಳಿಗೆ ಅನ್ವಯವಾಗುವುದು 1964ರ ಪೌರಸಭೆಗಳ ಅಧಿನಿಯಮ. ಅದರಲ್ಲಿ ಹಳ್ಳಿಯ ಮತದಾರನಿಗಿರುವ ಗ್ರಾಮಸಭೆಯಂಥ ಸಭೆಯಿಲ್ಲ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೇರಿದಾಗ ನಾವು ಸಿಹಿ ಹಂಚುತ್ತೇವೆ. ಹೆಚ್ಚಿನ ಅನುದಾನ ಬರಬಹುದೆಂಬ ಆಸೆಯೂ ತಪ್ಪಲ್ಲ. ಆದರೆ ಅಂದೇ ಸಾಮಾನ್ಯ ಮತದಾರ ಸಭೆಯಲ್ಲಿ ಕುಳಿತು ಮಾತಾಡುವ ತನ್ನ ಹಕ್ಕನ್ನು ಕಳೆದುಕೊಳ್ಳುತ್ತಾನೆಂಬುದನ್ನು ಯಾರೂ ಹೇಳುವುದಿಲ್ಲ. ಪಟ್ಟಣದಲ್ಲಿ ನಮಗೆ ಉಳಿಯುವುದು ಬಜೆಟ್‌ಗೆ ಮುಂಚೆ ಕರೆಯುವ ಪೂರ್ವಭಾವಿ ಸಭೆ, ಮಾಹಿತಿ ಹಕ್ಕು ಮತ್ತು ವಾರ್ಡಿನ ಸದಸ್ಯ. ಪೂರ್ವಭಾವಿ ಸಭೆಯಲ್ಲಿ ಬೆರಳೆಣಿಕೆಯ ಜನ ಕುಳಿತಿರುವ ದೃಶ್ಯ ಪತ್ರಿಕೆಗಳಲ್ಲಿ ಪ್ರತಿ ವರ್ಷ ಬರುತ್ತದೆ.

ಆಳುವವರ ತಪ್ಪನ್ನೂ ಹೇಳಲೇಬೇಕು. 2018ರ ಆಗಸ್ಟ್‌ನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಗೆದ್ದ ಸದಸ್ಯರು ಅಧ್ಯಕ್ಷ–ಉಪಾಧ್ಯಕ್ಷರ ಮೀಸಲಾತಿಯ ವ್ಯಾಜ್ಯದಿಂದಾಗಿ 2020ರ ಕೊನೆಯವರೆಗೆ ಅಧಿಕಾರಕ್ಕಾಗಿ ಕಾಯಬೇಕಾಯಿತು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಕಾರುಬಾರು ನಡೆಸಿದರು. ಅಧಿಕಾರ ವಿಕೇಂದ್ರೀಕರಣದ ಹಾಡು ಹಾಡುವ ಎಲ್ಲ ಪಕ್ಷಗಳಿಗೂ ಈ ಕಳಂಕದಲ್ಲಿ ಪಾಲಿದೆ. ಆದರೆ ಇಲ್ಲೊಂದು ಸಮಾಧಾನವಿದೆ. ಗ್ರಾಮಸಭೆಯು ಸದಸ್ಯರ ಸಭೆಯಲ್ಲ, ಮತದಾರರ ಸಭೆ. ಸದಸ್ಯರ ಅವಧಿ ಮುಗಿಯಬಹುದು, ಮತದಾರನ ಅವಧಿ ಮುಗಿಯುವುದಿಲ್ಲ.

ಜಗತ್ತಿನ ಬೇರೆಡೆಯ ಅನುಭವವೂ ಇದನ್ನೇ ಹೇಳುತ್ತದೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಬಡಾವಣೆಗಳ ಸಾಮಾನ್ಯ ಜನ ಸಭೆ ಸೇರಿ ನಗರದ ಬಜೆಟ್ಟಿನ ಆದ್ಯತೆಗಳನ್ನು ನಿಗದಿಪಡಿಸುವ ಕ್ರಮ ಆರಂಭವಾಯಿತು. ಮೊದಲು ಮುಂದೆ ಬಂದ ಬೇಡಿಕೆಗಳು ನೀರು, ಒಳಚರಂಡಿ, ಬೀದಿ. ಇಂಗ್ಲೆಂಡಿನಲ್ಲಿ ಬರೋ ಕೌನ್ಸಿಲ್‌ಗಳು ವರ್ಷಕ್ಕೆ 30 ಕೆಲಸದ ದಿನಗಳ ಕಾಲ ತಮ್ಮ ಲೆಕ್ಕಪತ್ರಗಳನ್ನು ಜನರ ಪರಿಶೀಲನೆಗೆ ತೆರೆದಿಡಲೇಬೇಕು. ನಮ್ಮ ನೆರೆಯ ಕೇರಳ 1996ರಲ್ಲಿ ಜನಕೀಯ ಯೋಜನೆಯ ಮೂಲಕ ಯೋಜನಾ ಹಣದ ದೊಡ್ಡ ಪಾಲನ್ನೇ ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಎಲ್ಲೆಡೆಯೂ ಕಾನೂನು ಬಾಗಿಲು ತೆರೆಯಿತು, ಒಳಗೆ ಹೋಗಬೇಕಾದವರು ಜನರೇ ಆಗಿದ್ದರು.

ನಮ್ಮ ಸಮುದಾಯದ ಆತ್ಮಾವಲೋಕನಕ್ಕೆ ಇನ್ನೆರಡು ವಿಷಯಗಳಿವೆ. ಮೊದಲನೆಯದು ಹೆಣ್ಣುಮಕ್ಕಳದು. ಗ್ರಾಮಸಭೆಗೆ ಬಂದವರಲ್ಲಿ ಶೇಕಡ 30ರಷ್ಟಾದರೂ ಮಹಿಳೆಯರಿರಬೇಕೆಂಬುದು ಕಾನೂನಿನ ಆಶಯ. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಅವರಿಗೆ ಮೀಸಲು. ನಲ್ಲಿಯ ಮುಂದೆ ಕೊಡ ಹಿಡಿದು ಕಾಯುವವಳು ಅವಳು, ಕೊಳಚೆ ಬಳಿಯುವವಳು ಅವಳು. ಸಭೆಗೆ ಮಾತ್ರ ಹೋಗಬಾರದು ಎನ್ನುವ ನಾವು ಯಾವ ನ್ಯಾಯದ ಮಾತಾಡುತ್ತೇವೆ? ಮೀಸಲು ಸ್ಥಾನದಲ್ಲಿ ಗೆದ್ದ ಸಹೋದರಿಯ ಬದಲು ಗಂಡನೋ ಅಣ್ಣನೋ ಸಭೆಯಲ್ಲಿ ಕುಳಿತು ಮಾತಾಡುವುದು ನಾಚಿಕೆಗೇಡು. ಇದು ನಮ್ಮಲ್ಲಷ್ಟೇ ಇದೆಯೆಂದಲ್ಲ, ನಮ್ಮಲ್ಲೂ ಇದೆ.

ಎರಡನೆಯದು ನಮ್ಮ ಬೇಡಿಕೆಯ ಧಾಟಿ. 2006ರ ಸಾಚಾರ್ ಸಮಿತಿ ವರದಿಯು ಮುಸ್ಲಿಮರು ಹೆಚ್ಚಾಗಿರುವ ಎಷ್ಟೋ ಪ್ರದೇಶಗಳಲ್ಲಿ ಮೂಲಸೌಕರ್ಯದ ಕೊರತೆಯಿದೆಯೆಂದು ಹೇಳಿತು. ಆ ಕೊರತೆ ನಿಜ. 2025ರ ಮಾರ್ಚ್‌ನಲ್ಲಿ ರಾಜ್ಯದ ವಿಧಾನಮಂಡಲ ಸರ್ಕಾರಿ ಗುತ್ತಿಗೆಗಳಲ್ಲಿ ಪ್ರವರ್ಗ 2ಬಿಗೆ ಶೇಕಡ 4 ಮೀಸಲಾತಿ ನೀಡುವ ಮಸೂದೆಯನ್ನು ಅಂಗೀಕರಿಸಿದಾಗ ತಿಂಗಳುಗಟ್ಟಲೆ ಅದರದೇ ಚರ್ಚೆ ನಡೆಯಿತು. ಅದರ ನ್ಯಾಯಾನ್ಯಾಯ ಬೇರೆ ಮಾತು. ಆದರೆ ಗುತ್ತಿಗೆ ಸಿಗುವುದು ಕೆಲವರಿಗೆ, ಚರಂಡಿ ಬೇಕಾಗಿರುವುದು ಎಲ್ಲರಿಗೆ. ಸಭೆಯಲ್ಲಿ ನಾವು ಎದ್ದು ನಿಂತು 'ಮುಸ್ಲಿಮರ ಬೀದಿ' ಎನ್ನುವ ಬದಲು 'ಇಂಥ ವಾರ್ಡಿನ ಇಂಥ ಬೀದಿ' ಎನ್ನೋಣ. ಪಕ್ಕದ ದಲಿತ ಕಾಲೋನಿಗೂ ನೀರು ಬಂದಿಲ್ಲವಾದರೆ ಅದರ ಹೆಸರನ್ನೂ ನಮ್ಮ ಅರ್ಜಿಯಲ್ಲಿ ಬರೆಯೋಣ. ಒಂದೇ ಕೊಳಚೆ ಎರಡು ಬೀದಿಗಳಲ್ಲಿ ಹರಿಯುವಾಗ ಎರಡು ಬೀದಿಯವರು ಒಟ್ಟಿಗೆ ಕೂತರೆ ಅವರನ್ನು ಓಟಿನ ಲೆಕ್ಕದಲ್ಲಿ ಒಡೆಯುವುದು ಕಷ್ಟ.

ನಮ್ಮಲ್ಲಿ ಒಂದು ಒಳ್ಳೆಯ ಅಭ್ಯಾಸ ಈಗಾಗಲೇ ಇದೆ. ಅನೇಕ ಮಸೀದಿಗಳ ಬಾಗಿಲಲ್ಲಿ ಕಪ್ಪು ಹಲಗೆಯ ಮೇಲೆ ಜುಮಾದ ವಂತಿಗೆ ಎಷ್ಟು, ಖರ್ಚೆಷ್ಟು ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ಐವತ್ತು ರೂಪಾಯಿ ವ್ಯತ್ಯಾಸ ಬಂದರೂ ಕೇಳುವ ಹಿರಿಯರಿದ್ದಾರೆ. ಬರೆಯದ ಕಮಿಟಿಯನ್ನು ಪ್ರಶ್ನಿಸುವವರಿದ್ದಾರೆ. ಐವತ್ತು ರೂಪಾಯಿಯ ಲೆಕ್ಕ ಕೇಳುವ ಆ ನಾಲಗೆ ಲಕ್ಷಾಂತರ ರೂಪಾಯಿಯ ಪಂಚಾಯಿತಿ ಲೆಕ್ಕದ ಮುಂದೆ ಏಕೆ ಮೌನವಾಗುತ್ತದೆ? ಅದೂ ನಮ್ಮದೇ ಹಣ, ನಾವು ಕಟ್ಟಿದ ಮನೆ ಕಂದಾಯ, ನೀರಿನ ಕರ, ಅಂಗಡಿಯ ಪರವಾನಗಿ ಶುಲ್ಕ.

ಮುಂದಿನ ವಾರ್ಡ್ ಸಭೆಯ ದಿನಾಂಕವನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ನೋಡಿ ಆ ಕಪ್ಪು ಹಲಗೆಯ ಮೂಲೆಯಲ್ಲಿ ಬರೆಯಿರಿ. ಗಲ್ಲಿಯಿಂದ ಇಪ್ಪತ್ತು ಜನ ಹೋಗಿ, ಅವರಲ್ಲಿ ನಿಮ್ಮ ಮನೆಯ ಹೆಣ್ಣುಮಕ್ಕಳೂ ಇರಲಿ. ಒಂದು ಹಾಳೆಯಲ್ಲಿ ಬೀದಿಯ ಹೆಸರು, ಬೇಕಾದ ಕೆಲಸ, ಅಂದಾಜು ಉದ್ದ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಸಭೆ ಮುಗಿಯುವ ಮುನ್ನ ನಡಾವಳಿಯನ್ನು ಓದಿ ಹೇಳಲು ಕೇಳಿ, ಆಮೇಲೆ ಸಹಿ ಹಾಕಿ. ಆ ವರ್ಷವೇ ಚರಂಡಿ ಬರುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ಆದರೆ ಬರದಿದ್ದರೆ ಏಕೆ ಬರಲಿಲ್ಲವೆಂದು ಕೇಳಲು ನಿಮ್ಮ ಕೈಯಲ್ಲಿ ಒಂದು ಕಾಗದ ಇರುತ್ತದೆ.